ಸಾಂಬ್ರಾದಲ್ಲಿ ವಿಮಾನ ಯಾಕೆ ನಿಂತಿತು ಅಂತ ನಮಗೂ ಹೇಳಿ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಅಧಿಕಾರಿಗಳಿಗೆ, ಇಲ್ಲಿಂದ ವಿಮಾನ ಹಾರಿಸುವ ಎಲ್ಲ ಕಂಪನಿಯವರಿಗೆ, ವಿಮಾನಯಾನದ ನಿಯಮ ನೋಡಿಕೊಳ್ಳುವ ದಿಲ್ಲಿಯ ಡಿಜಿಸಿಎ ಸಾಹೇಬರಿಗೆ,

ನಮಸ್ಕಾರ.

ನಾನು ಬೆಳಗಾವಿಯ ಉದ್ಯಮಬಾಗದವನು. ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಯಲ್ಲಿ 31 ವರ್ಷ ದುಡಿದಿದ್ದೇನೆ. ಮೊದಲು ಮೋಲ್ಡಿಂಗ್, ಆಮೇಲೆ ಮೆಲ್ಟಿಂಗ್, ಕೊನೆಯ 12 ವರ್ಷ ಫರ್ನೇಸ್ ಸೂಪರ್‌ವೈಸರ್. ವಿಮಾನದ ಎಂಜಿನಿಯರ್ ಅಲ್ಲ. ಆದರೆ ಬಿಸಿ ಅಂದರೆ ಏನು, ಬಿಸಿ ಮಿತಿ ಮೀರಿದರೆ ಲೋಹ ಏನಾಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡವನು. ಈ ಪತ್ರ ಯಾರ ಮೇಲಿನ ದೂರೂ ಅಲ್ಲ. ಒಂದೇ ಒಂದು ಮಾತು ಕೇಳಬೇಕಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಏಪ್ರಿಲ್ ತಿಂಗಳ ಮಧ್ಯಾಹ್ನ. ಬೆಂಗಳೂರಿಗೆ ಹೊರಟ ವಿಮಾನ, ಎರಡು ಎಂಜಿನ್‌ನ ಜೆಟ್. ಕಂಪನಿಯ ಹೆಸರು ಬೇಡ. ಹೊರಗೆ 37 ಡಿಗ್ರಿ ಅಂತ ಮೊಬೈಲ್ ತೋರಿಸುತ್ತಿತ್ತು. ನನ್ನ ಪಕ್ಕದ ಕಿಟಕಿ ಸೀಟಿನಲ್ಲಿ ಬೈಲಹೊಂಗಲ ಕಡೆಯ ಒಬ್ಬ ಅಜ್ಜಿ ಕೂತಿದ್ದರು. ಮೊಮ್ಮಗಳು ಹಡೆದಿದ್ದಾಳೆ, ಮರಿಮಗನ ಮುಖ ನೋಡಬೇಕು ಅಂತ ಒಬ್ಬರೇ ಹೊರಟಿದ್ದರು. ವಿಮಾನ ಹತ್ತಿದ್ದು ಅದೇ ಮೊದಲು. ಮಡಿಲಲ್ಲಿ ಕುಂದಾದ ಡಬ್ಬಿ ಇಟ್ಟುಕೊಂಡಿದ್ದರು, ಗಗನಸಖಿ ಬಂದು ಅದನ್ನು ಮುಂದಿನ ಸೀಟಿನ ಕೆಳಗೆ ಇಡಿಸಿದಳು. ಅಜ್ಜಿಗೆ ಅದು ಸರಿ ಬರಲಿಲ್ಲ. ಆಗಾಗ ಬಗ್ಗಿ ಡಬ್ಬಿ ಅಲ್ಲೇ ಇದೆಯಾ ಅಂತ ನೋಡುತ್ತಿದ್ದರು.

ವಿಮಾನ ರನ್‌ವೇ ತುದಿಗೆ ಹೋಗಿ ತಿರುಗಿ ನಿಂತಿತು. ಎಂಜಿನ್ ಸದ್ದು ಏರಿತು, ಬೆನ್ನು ಸೀಟಿಗೆ ಅಂಟಿತು, ಹೊರಗಿನ ಹುಲ್ಲು ಹಿಂದಕ್ಕೆ ಓಡತೊಡಗಿತು. ಹತ್ತು ಹದಿನೈದು ಸೆಕೆಂಡ್ ಆಗಿರಬೇಕು, ಅಷ್ಟೇ. ಏರುತ್ತಿದ್ದ ಸದ್ದು ಇದ್ದಕ್ಕಿದ್ದಂತೆ ಕುಸಿಯಿತು. ಹಿಂದೆಯೇ ಬ್ರೇಕ್. ಬೆಲ್ಟ್ ಹೊಟ್ಟೆಗೆ ಕಚ್ಚಿತು. ಮೇಲಿನ ಲಗೇಜ್ ಗೂಡುಗಳೆಲ್ಲ ಒಟ್ಟಿಗೆ ಗಡಗಡ ಅಂದವು. ಕುಂದಾದ ಡಬ್ಬಿ ಜಾರಿ ಮುಂದಿನವರ ಕಾಲಿಗೆ ಬಡಿಯಿತು. ಅಜ್ಜಿ ನನ್ನ ಮಣಿಕಟ್ಟು ಹಿಡಿದರು. ಗಾಜಿನ ಬಳೆ ಚರ್ಮಕ್ಕೆ ಒತ್ತುವಷ್ಟು ಗಟ್ಟಿಯಾಗಿ ಹಿಡಿದರು.

"ತಮ್ಮಾ, ಏನಾತೋ? ಯಾಕ ನಿಂತ್ತು?"

ನನಗೆ ಗೊತ್ತಿರಲಿಲ್ಲ. "ಏನಿಲ್ಲಬೇ ಅವ್ವಾ, ಬ್ರೇಕ್ ಹಾಕ್ಯಾರ" ಅಂದೆ. ಅದು ಉತ್ತರವೇ ಅಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಒಂದೆರಡು ನಿಮಿಷ ಬಿಟ್ಟು ಇಂಗ್ಲಿಷ್‌ನಲ್ಲಿ ಒಂದು ಸಾಲು, ಹಿಂದಿಯಲ್ಲಿ ಒಂದು ಸಾಲು ಬಂತು. ತಾಂತ್ರಿಕ ಕಾರಣದಿಂದ ವಾಪಸ್ ಹೋಗುತ್ತಿದ್ದೇವೆ, ಸೀಟಿನಲ್ಲೇ ಕೂತಿರಿ. ಅಷ್ಟೇ. ಕನ್ನಡದಲ್ಲಿ ಏನೂ ಇಲ್ಲ, ಮರಾಠಿಯಲ್ಲೂ ಇಲ್ಲ. ಆಮೇಲೆ ನಲವತ್ತು ನಿಮಿಷ ವಿಮಾನದೊಳಗೇ ಕೂತೆವು. ಮುಂದಿನ ಸಾಲಿನಲ್ಲೊಬ್ಬರು ಎದ್ದು ನಿಂತು, ನನಗೆ ಕೋರ್ಟ್ ಕೆಲಸ ಇದೆ, ಹಾರಿಸಲು ಬರದಿದ್ದರೆ ಯಾಕೆ ಟಿಕೆಟ್ ಮಾರುತ್ತೀರಿ ಅಂತ ಕೂಗಾಡಿದರು. ಆ ಗಗನಸಖಿಗೆ 22-23 ವಯಸ್ಸಿರಬಹುದು, ಅವಳಿಗೂ ಪೂರ್ತಿ ವಿಷಯ ಗೊತ್ತಿದ್ದಂತೆ ಕಾಣಲಿಲ್ಲ. ಹಿಂದಿನ ಸೀಟಿನ ಹುಡುಗ ಮೊಬೈಲ್‌ನಲ್ಲಿ ಅಹಮದಾಬಾದಿನ ಆ ವಿಡಿಯೋ ತೆಗೆದು ಪಕ್ಕದವನಿಗೆ ತೋರಿಸುತ್ತಿದ್ದ. 2025ರ ಜೂನ್ 12ರಂದು ಟೇಕಾಫ್ ಆದ ಕೂಡಲೇ ಬಿದ್ದ ಆ ವಿಮಾನದಲ್ಲಿದ್ದವರಲ್ಲಿ 241 ಜನ ಹೋದರು, ನೆಲದ ಮೇಲಿದ್ದವರೂ ಹೋದರು. ಅಂದಿನಿಂದ ಟೇಕಾಫ್ ಹೊತ್ತಿಗೆ ಉಸಿರು ಬಿಗಿ ಹಿಡಿಯದ ಪ್ರಯಾಣಿಕ ಸಿಗುವುದು ಕಷ್ಟ. ಹೀಗಿರುವಾಗ ರನ್‌ವೇ ಮಧ್ಯೆ ವಿಮಾನ ನಿಲ್ಲಿಸಿ, ಯಾಕೆ ಅಂತ ಹೇಳದೆ ಸುಮ್ನೆ ಕೂಡಿಸಿದರೆ ಜನರ ತಲೆಯಲ್ಲಿ ಏನೇನು ಓಡುತ್ತದೆ, ಯೋಚಿಸಿ.

ಕೊನೆಗೆ ಟರ್ಮಿನಲ್‌ಗೆ ಕರೆತಂದರು. ಅಲ್ಲಿ ಚಹಾ ಅಂಗಡಿಯ ಹತ್ತಿರ ಮೈಮೇಲೆ ಹೊಳೆಯುವ ಜಾಕೆಟ್ ಹಾಕಿದ ಒಬ್ಬ ಟೆಕ್ನಿಷಿಯನ್ ಸಿಕ್ಕರು. ಕೈಗೆ ಎಣ್ಣೆ ಮೆತ್ತಿತ್ತು. ನಾನೂ ಮೆಲ್ಟಿಂಗ್ ಲೈನಿನವನು, ನಿಮ್ಮ ಕೆಲಸ ಗೊತ್ತು, ಏನಾಯಿತು ಅಂತ ಮೆಲ್ಲಗೆ ಕೇಳಿದೆ. ಅವರು ಆಚೀಚೆ ನೋಡಿ ಹೇಳಿದ್ದು ಒಂದೇ ಸಾಲು: "ಒಂದು ಎಂಜಿನ್ ಇಜಿಟಿ ಲಿಮಿಟ್ ದಾಟ್ತು ಸರ್, ಕ್ಯಾಪ್ಟನ್ ನಿಲ್ಲಿಸಿದ್ರು."

ಆ ಸಾಲು ಕೇಳಿದ ಕೂಡಲೇ ನನ್ನ ಎದೆ ಹಗುರಾಯಿತು. ಎಂಜಿನ್ ಬಿಸಿ ಮಿತಿ ಮೀರಿತ್ತು, ಯಂತ್ರ ಅದನ್ನು ತೋರಿಸಿತು, ಪೈಲಟ್ ನೋಡಿದರು, ನಿಲ್ಲಿಸಿದರು. ಎಲ್ಲವೂ ಹೇಗೆ ಆಗಬೇಕೋ ಹಾಗೇ ಆಗಿದೆ. ಅಜ್ಜಿಯ ಪಕ್ಕ ಹೋಗಿ ಕೂತು ಹೇಳಿದೆ: "ಅವ್ವಾ, ಎಂಜಿನ್ ಭಾಳ ಕಾದಿತ್ತಂತ. ಪೈಲಟ್ ನೋಡಿ ನಿಲ್ಲಿಸ್ಯಾರ." ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಹಂಗಂದ್ರ ಛಲೋ ಮಾಡ್ಯಾನ ಬಿಡು" ಅಂದರು. ಅಲ್ಲಿಯವರೆಗೆ ಮುಟ್ಟದಿದ್ದ ನೀರಿನ ಬಾಟಲಿ ಆಗ ತೆಗೆದು ಕುಡಿದರು.

ನಾನು ಕೇಳುತ್ತಿರುವುದು ಇಷ್ಟೇ. ಆ ಒಂದು ಸಾಲನ್ನು ನೀವೇ ಹೇಳಿ. ಅಲ್ಲೇ, ಆಗಲೇ, ನಮ್ಮ ಭಾಷೆಯಲ್ಲಿ.

ಇಂಥ ವಿಷಯ ಜನರಿಗೆ ಅರ್ಥವಾಗುವುದಿಲ್ಲ, ಹೇಳಿದರೆ ಗಾಬರಿ ಜಾಸ್ತಿಯಾಗುತ್ತದೆ ಅಂತ ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಅರ್ಥವಾಗುತ್ತದೆ. ನನಗೆ ಗೊತ್ತಿರುವಷ್ಟನ್ನು ನಾನೇ ಇಲ್ಲಿ ಹೇಳುತ್ತೇನೆ, ಓದುವವರು ನೋಡಲಿ.

ಇಜಿಟಿ ಅಂದರೆ ಎಕ್ಸಾಸ್ಟ್ ಗ್ಯಾಸ್ ಟೆಂಪರೇಚರ್. ಜೆಟ್ ಎಂಜಿನ್ ಮುಂದಿನಿಂದ ಗಾಳಿ ಎಳೆದು, ಹಿಂಡಿ ಹಿಂಡಿ ಒತ್ತಡ ಏರಿಸಿ, ಅದಕ್ಕೆ ಇಂಧನ ಬೆರೆಸಿ ಉರಿಸುತ್ತದೆ. ಆ ಉರಿಗಾಳಿ ಟರ್ಬೈನಿನ ಎಲೆಗಳಿಗೆ ಹೊಡೆದು ಅವನ್ನು ತಿರುಗಿಸುತ್ತದೆ. ಈಗಿನ ಎಂಜಿನ್‌ಗಳಲ್ಲಿ ಟೇಕಾಫ್ ಹೊತ್ತಿಗೆ ಆ ಗಾಳಿ 1,500 ಡಿಗ್ರಿ ದಾಟಿರುತ್ತದೆ. ನಮ್ಮ ಫೌಂಡ್ರಿಯಲ್ಲಿ ಬೀಡುಕಬ್ಬಿಣ ಹೆಚ್ಚುಕಡಿಮೆ 1,450 ಡಿಗ್ರಿಗೆ ಲ್ಯಾಡಲ್‌ಗೆ, ಅಂದರೆ ಸುರಿಯುವ ಪಾತ್ರೆಗೆ, ಇಳಿಯುತ್ತದೆ, ಅದಕ್ಕಿಂತ ಬಿಸಿ. ಟರ್ಬೈನ್ ಎಲೆಯ ನಿಕಲ್ ಮಿಶ್ರಲೋಹವೋ 1,300ರಿಂದ 1,400 ಡಿಗ್ರಿಯೊಳಗೇ ಕರಗುವಂಥದ್ದು. ಅಂದರೆ ಆ ಎಲೆ ತಾನು ಕರಗುವುದಕ್ಕಿಂತ ಬಿಸಿಯಾದ ಗಾಳಿಯಲ್ಲಿ ನಿಂತಿದೆ, ಬರೀ ನಿಂತಿಲ್ಲ, ನಿಮಿಷಕ್ಕೆ 14 ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿದೆ.

ಹೇಗೆ ಉಳಿಯುತ್ತದೆ? ಎಲೆಯ ಒಳಗೆ ಟೊಳ್ಳು ದಾರಿಗಳಿವೆ. ಮುಂದೆ ಹಿಂಡಿದ ಗಾಳಿಯಲ್ಲೇ ಸ್ವಲ್ಪ ಕದ್ದು ಆ ದಾರಿಯಲ್ಲಿ ಹರಿಸುತ್ತಾರೆ, ಅದು ಎಲೆಯ ಮೈಮೇಲಿನ ಸೂಜಿಮೊನೆಯಂಥ ತೂತುಗಳಿಂದ ಹೊರಬಂದು ತೆಳ್ಳನೆಯ ತಂಪು ಪರದೆಯಂತೆ ಮೈಗೆ ಹೊದ್ದುಕೊಳ್ಳುತ್ತದೆ. ಮೇಲೆ ಜಿರ್ಕೋನಿಯಾದ ಲೇಪ ಬೇರೆ. ಈ ಎಲೆ ಎರಕ ಹೊಯ್ಯುವುದು ಮೇಣದ ಅಚ್ಚಿನಿಂದ, ನಮ್ಮಲ್ಲಿ ಪಂಚಲೋಹದ ಮೂರ್ತಿ ಮಾಡುವವರು ಬಳಸುವ ಅದೇ ಹಳೆಯ ವಿದ್ಯೆ. ಅಚ್ಚನ್ನು ಕುಲುಮೆಯಿಂದ ನಿಧಾನವಾಗಿ ಇಳಿಸುತ್ತಾ ಇಡೀ ಎಲೆ ಒಂದೇ ಹರಳಾಗಿ ಬೆಳೆಯುವಂತೆ ಮಾಡುತ್ತಾರೆ. ಇದನ್ನು ಮೊದಲು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಎರಕದ ಕೆಲಸಗಾರನಾಗಿ ಹೇಳುತ್ತೇನೆ, ಮನುಷ್ಯ ಮಾಡಿದ ಎರಕದಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕೇಳಿಲ್ಲ.

ಆದರೆ ಆ ಎಲೆಗೆ ಉಳಿದಿರುವ ಅಂತರ ಬಹಳ ಸಣ್ಣದು. ಎಲೆಯ ಲೋಹ ಲೆಕ್ಕಕ್ಕಿಂತ 30 ಡಿಗ್ರಿ ಜಾಸ್ತಿ ಬಿಸಿಯಾಗಿ ಓಡಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯಬಹುದು ಅಂತ ಎಂಜಿನಿಯರ್‌ಗಳ ಪಾಠದಲ್ಲೇ ಇದೆ. ಬಿಸಿಯಲ್ಲಿ ಎಳೆತಕ್ಕೆ ಸಿಕ್ಕ ಲೋಹ ಕೂದಲೆಳೆಯಷ್ಟು ಕೂದಲೆಳೆಯಷ್ಟು ಉದ್ದವಾಗುತ್ತಾ ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಎಂಜಿನ್ ಒಳಗೆ, ಉರಿ ಸ್ವಲ್ಪ ತಣಿಯುವ ಜಾಗದಲ್ಲಿ, ಸುತ್ತಲೂ ಬಿಸಿ ಅಳೆಯುವ ಎಂಟೊಂಬತ್ತು ಥರ್ಮೋಕಪಲ್ ಇಟ್ಟಿರುತ್ತಾರೆ. ನಾವು ಭಟ್ಟಿಯಲ್ಲಿ ಬಳಸುವ ಥರ್ಮೋಕಪಲ್‌ನ ಅಣ್ಣತಮ್ಮಂದಿರೇ ಅವು. ಪೈಲಟ್ ಮುಂದಿನ ಪರದೆಯಲ್ಲಿ ಕಾಣುವ ಅಂಕಿ ಅಲ್ಲಿಂದ ಬರುತ್ತದೆ. ಬೋಯಿಂಗ್ 737ರಲ್ಲಿ ಬಹಳ ವರ್ಷದಿಂದ ಓಡುತ್ತಿರುವ ಸಿಎಫ್‌ಎಂ56-7ಬಿ ಎಂಜಿನ್‌ಗೆ ಟೇಕಾಫ್ ಹೊತ್ತಿನ ಕೆಂಪು ಗೆರೆ, ಅಂದರೆ ದಾಟಬಾರದ ಮಿತಿ, 950 ಡಿಗ್ರಿ. ಒಂದೊಂದು ಎಂಜಿನ್‌ಗೂ ಅದರದೇ ಗೆರೆ. ಎರಡೂ ಎಂಜಿನ್ ಸರಿಯಿದ್ದಾಗ ಟೇಕಾಫ್‌ನ ಪೂರ್ತಿ ಶಕ್ತಿಯನ್ನೂ 5 ನಿಮಿಷಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ.

ಹೊಸ ಎಂಜಿನ್‌ನಲ್ಲಿ ಈ ಗೆರೆಗೂ ಓಡುವ ಬಿಸಿಗೂ ನಡುವೆ ಸಾಕಷ್ಟು ಅಂತರ ಇರುತ್ತದೆ. ವರ್ಷ ಕಳೆದಂತೆ ಎಲೆಯ ತುದಿ ಸವೆಯುತ್ತದೆ, ತುದಿಗೂ ಕವಚಕ್ಕೂ ನಡುವೆ ಸಂದು ದೊಡ್ಡದಾಗಿ ಗಾಳಿ ಸೋರುತ್ತದೆ, ಮುಂದಿನ ಕಂಪ್ರೆಸರ್ ಎಲೆಗಳಿಗೆ ಧೂಳು ಜಿಡ್ಡು ಮೆತ್ತುತ್ತದೆ. ಆಗ ಅಷ್ಟೇ ಶಕ್ತಿ ಕೊಡಲು ಹೆಚ್ಚು ಇಂಧನ ಉರಿಸಬೇಕು, ಬಿಸಿ ಏರುತ್ತದೆ, ಅಂತರ ಕರಗುತ್ತದೆ. ನೀರು ಹಾಯಿಸಿ ಎಂಜಿನ್ ಒಳಗನ್ನು ತೊಳೆದರೆ ಒಂದಷ್ಟು ಡಿಗ್ರಿ ವಾಪಸ್ ಸಿಗುತ್ತದೆ. ಪೂರ್ತಿ ಸಿಗುವುದಿಲ್ಲ. ನಮ್ಮ ಫರ್ನೇಸಿನ ಲೈನಿಂಗ್, ಅಂದರೆ ಬಿಸಿ ತಡೆಯುವ ಒಳಗೋಡೆ ಕೂಡ ಹೀಗೇ, ಲೋಹ ಕರಗಿಸುವ ಒಂದೊಂದು ಹೀಟ್‌ಗೂ ಒಂದೊಂದು ಪದರ ತಿಂದುಹೋಗುತ್ತದೆ.

ಇದರ ಮೇಲೆ ನಮ್ಮ ಸಾಂಬ್ರಾದ ಮಾತು ಬೇರೆ ಇದೆ. ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಲಿನಲ್ಲಿ ಇನ್ನೂ ತೆಳು. ನಾನೇ ಕಾಗದ ಹಿಡಿದು ಲೆಕ್ಕ ಹಾಕಿದೆ: 37 ಡಿಗ್ರಿ ಮಧ್ಯಾಹ್ನ ನಮ್ಮ ರನ್‌ವೇ ಮೇಲಿನ ಗಾಳಿ, ಸಮುದ್ರಮಟ್ಟದ 15 ಡಿಗ್ರಿ ಗಾಳಿಗಿಂತ ಶೇ 15ರಷ್ಟು ಹಗುರ. ಎಂಜಿನ್‌ಗೂ ಕಷ್ಟ, ರೆಕ್ಕೆಗೂ ಕಷ್ಟ. ರನ್‌ವೇ 2,300 ಮೀಟರ್. 2017ರಲ್ಲಿ ಹೊಸ ಟರ್ಮಿನಲ್ ಆದ ಹೊತ್ತಿಗೆ ಅದು ಬೆಳೆದದ್ದು, ಅದಕ್ಕೆ ಮುಂಚೆ ಇನ್ನೂ ಗಿಡ್ಡ ಇತ್ತು. ಉದ್ದ ರನ್‌ವೇ ಇದ್ದು, ಭಾರ ಕಡಿಮೆ ಇದ್ದರೆ ಪೈಲಟ್‌ಗಳು ಬೇಕಂತಲೇ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಡದೆ ಸ್ವಲ್ಪ ತಗ್ಗಿಸಿ ಟೇಕಾಫ್ ಮಾಡುತ್ತಾರೆ, ಎಂಜಿನ್ ತಂಪಾಗಿ ಬಾಳಿಕೆ ಬರಲಿ ಅಂತ. ಬಿಸಿಲು ಏರಿದಂತೆ, ಭಾರ ಏರಿದಂತೆ ಆ ಸೌಲಭ್ಯ ಕಮ್ಮಿಯಾಗುತ್ತಾ ಬರುತ್ತದೆ. ನಾಳೆ ವಿಜಯಪುರದಿಂದ ವಿಮಾನ ಹಾರತೊಡಗಿದರೆ ಅಲ್ಲಿ ಮೇ ತಿಂಗಳಲ್ಲಿ 40 ದಾಟುವುದು ಮಾಮೂಲು. ಈ ಮಾತು ಬರೀ ಬೆಳಗಾವಿಗೆ ಸೀಮಿತವಲ್ಲ.

ಇಷ್ಟನ್ನು ಓದಿದ ಮೇಲೆ ಹೇಳಿ, ಇದರಲ್ಲಿ ಜನರಿಗೆ ಅರ್ಥವಾಗದ್ದು ಏನಿದೆ? ಹತ್ತಿಪ್ಪತ್ತು ವರ್ಷದಿಂದ ಟ್ರ್ಯಾಕ್ಟರ್ ಓಡಿಸುವ ನಮ್ಮ ರೈತನಿಗೆ ಎಂಜಿನ್ ಕಾಯುವುದು ಅಂದರೇನು ಅಂತ ಬಿಡಿಸಿ ಹೇಳಬೇಕೇ? ಘಾಟಿನಲ್ಲಿ ಲಾರಿ ಪಕ್ಕಕ್ಕೆ ಹಾಕಿ ರೇಡಿಯೇಟರ್ ಆರಲಿ ಅಂತ ಬೀಡಿ ಹಚ್ಚಿ ಕೂರುವ ಡ್ರೈವರ್‌ಗೆ ಗೊತ್ತಿಲ್ಲವೇ?

ಇನ್ನು ನಿಲ್ಲಿಸುವ ಮಾತು. ಇದನ್ನು ನನ್ನ ಜೊತೆಗಿದ್ದ ಪ್ರಯಾಣಿಕರಿಗೂ ಹೇಳಬೇಕು.

ಟೇಕಾಫ್ ಶುರುವಾಗುವ ಮೊದಲೇ ಪೈಲಟ್‌ಗಳಿಬ್ಬರೂ ಯಾವುದಕ್ಕೆ ನಿಲ್ಲಿಸಬೇಕು, ಯಾವುದಕ್ಕೆ ನಿಲ್ಲಿಸಬಾರದು ಅಂತ ಮಾತಾಡಿಕೊಂಡಿರುತ್ತಾರೆ. ಬೋಯಿಂಗ್‌ನಲ್ಲಿ 80 ನಾಟ್, ಏರ್‌ಬಸ್‌ನಲ್ಲಿ 100 ನಾಟ್ ವೇಗದವರೆಗೆ ಸಣ್ಣ ಎಚ್ಚರಿಕೆ ಬಂದರೂ ನಿಲ್ಲಿಸಬಹುದು. 80 ನಾಟ್ ಅಂದರೆ ಗಂಟೆಗೆ ಸುಮಾರು 148 ಕಿಲೋಮೀಟರ್. ಅದು ದಾಟಿದ ಮೇಲೆ ಬೆಂಕಿ, ಎಂಜಿನ್ ಕೈಕೊಡುವುದು, ವಿಮಾನ ಹಾರಲಾರದು ಅನ್ನುವಂಥ ದೊಡ್ಡ ಕಾರಣಕ್ಕೆ ಮಾತ್ರ. ವಿ-ಒನ್ ಅನ್ನುವ ವೇಗ ದಾಟಿತೋ, ಆಮೇಲೆ ಹಾರಲೇಬೇಕು, ಉಳಿದ ರನ್‌ವೇಯಲ್ಲಿ ನಿಲ್ಲಿಸಲು ಜಾಗ ಸಾಲುವುದಿಲ್ಲ. ಆ ವೇಗದಲ್ಲಿ ಬ್ರೇಕ್ ಹಾಕಿದರೆ ಚಕ್ರ ಎಷ್ಟು ಕಾಯುತ್ತದೆಂದರೆ, ಟೈರ್ ಸಿಡಿಯದಿರಲಿ ಅಂತ ಚಕ್ರದಲ್ಲಿ ಇಟ್ಟಿರುವ ಬಿರಡೆ ಕರಗಿ ಗಾಳಿಯನ್ನು ಹೊರಗೆ ಬಿಡುತ್ತದೆ. ಹಾಗಾಗಿ ಬಿಸಿ ಮಿತಿ ಮೀರಿದ್ದನ್ನು ಮೊದಲ ಹದಿನೈದು ಸೆಕೆಂಡಿನಲ್ಲೇ ನೋಡಿ, ನಿಲ್ಲಿಸಲು ಸುಲಭವಿರುವಾಗಲೇ ನಿಲ್ಲಿಸಿದ ಆ ಪೈಲಟ್‌ಗೆ ನಾವು ಕೈ ಮುಗಿಯಬೇಕಿತ್ತು. ನಾವು ಮಾಡಿದ್ದು ಕೂಗಾಟ.

ನಾನು ಫೌಂಡ್ರಿಗೆ ಸೇರಿದ ಮೂರನೇ ವರ್ಷ. ರಾತ್ರಿ ಪಾಳಿ. 500 ಕೆಜಿಯ ಇಂಡಕ್ಷನ್ ಫರ್ನೇಸ್ ತುಂಬಾ ಲೋಹ ಕರಗಿ ನಿಂತಿತ್ತು, ಅಚ್ಚುಗಳೆಲ್ಲ ಸಾಲಾಗಿ ತಯಾರಿದ್ದವು, ಸುರಿಯಲು ಇನ್ನೇನು ಹತ್ತು ನಿಮಿಷ. ನಮ್ಮ ಮೇಸ್ತ್ರಿ ಪ್ಯಾನೆಲ್ ಹತ್ತಿರ ನಿಂತಿದ್ದರು. ಕರಗಿದ ಲೋಹ ಲೈನಿಂಗ್ ಸೀಳಿ ಕಾಯಿಲ್ ಕಡೆ ಬರುತ್ತಿದ್ದರೆ ಸುಳಿವು ಕೊಡುವ ಅರ್ಥ್ ಲೀಕೇಜ್ ಮೀಟರಿನ ಮುಳ್ಳು ಒಮ್ಮೆ ಅಲುಗಿತು, ವಾಪಸ್ ಬಂತು, ಮತ್ತೆ ಅಲುಗಿತು. ಅವರು ಯಾರನ್ನೂ ಕೇಳಲಿಲ್ಲ. ಪವರ್ ತೆಗೆದರು, ಲೋಹವನ್ನೆಲ್ಲ ಪಕ್ಕದ ಗುಂಡಿಗೆ ಸುರಿಸಿದರು. ಆಮೇಲೆ ಹೀಟ್ ನಂಬರ್ ಬರೆಯುವ ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದರು: ರಾತ್ರಿ 2-40, ಅರ್ಥ್ ಮುಳ್ಳು ಅಲುಗಿತು, ಬಂದ್ ಮಾಡಿದೆ. ಕೆಳಗೆ ತಮ್ಮ ಸಹಿ.

ಬೆಳಿಗ್ಗೆ ಮಾಲೀಕರು ಬಂದು ಬಾಯಿಗೆ ಬಂದಂತೆ ಬೈದರು. ಒಂದು ರಾತ್ರಿಯ ಮಾಲು ಹೋಗಿತ್ತಲ್ಲ. ಮೇಸ್ತ್ರಿ ಹಲಗೆ ಕಡೆ ಕೈ ತೋರಿಸಿ ಸುಮ್ಮನಾದರು. ಮಧ್ಯಾಹ್ನ ಲೈನಿಂಗ್ ಒಡೆದಾಗ ನಾನು ಅಲ್ಲೇ ಇದ್ದೆ. ಗೋಡೆಯಲ್ಲಿ ಒಂದು ಬಿರುಕು, ಬಿರುಕಿನೊಳಗೆ ಹೆಪ್ಪುಗಟ್ಟಿದ ಲೋಹದ ನಾಲಿಗೆ, ಅದರ ತುದಿಗೂ ಫರ್ನೇಸ್ ಸುತ್ತಲಿನ ತಾಮ್ರದ ಕಾಯಿಲ್‌ಗೂ ನಡುವೆ ನನ್ನ ಕಿರುಬೆರಳಿನಷ್ಟು ಜಾಗ. ಆ ಕಾಯಿಲ್ ಒಳಗೆ ಓಡುವುದು ನೀರು. ಕರಗಿದ ಕಬ್ಬಿಣ ನೀರಿಗೆ ಮುಟ್ಟಿದರೆ ಏನಾಗುತ್ತದೆ ಅಂತ ಫೌಂಡ್ರಿಯವರಿಗೆ ಹೇಳಬೇಕಿಲ್ಲ. ಮಾಲೀಕರು ಆ ನಾಲಿಗೆಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನಿಂತಿದ್ದರು. ಆಮೇಲೆ ಅದನ್ನು ಕಚೇರಿಯ ಮೇಜಿನ ಮೇಲೆ ಇಟ್ಟುಕೊಂಡರು, ನಾನು ಕೆಲಸ ಬಿಡುವವರೆಗೂ ಅಲ್ಲೇ ಇತ್ತು.

ನನಗೆ ಆ ಮುಳ್ಳಿಗಿಂತ ಹೆಚ್ಚು ನೆನಪಿರುವುದು ಆ ಹಲಗೆ. ಬೆಳಗಿನ ಪಾಳಿಗೆ ಬಂದ ಇಪ್ಪತ್ತು ಜನ ಅದನ್ನು ಓದಿದರು. ಯಾರೂ ಗಾಬರಿಯಾಗಲಿಲ್ಲ. ಎಲ್ಲರಿಗೂ ವಿಷಯ ಗೊತ್ತಾಯಿತು.

ಸಣ್ಣ ಸೂಚನೆಯನ್ನು ಸಣ್ಣದು ಅಂತ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ವಿಮಾನದ ಚರಿತ್ರೆಯಲ್ಲೂ ಉದಾಹರಣೆ ಇದೆ. 1985ರ ಆಗಸ್ಟ್ 22, ಇಂಗ್ಲೆಂಡಿನ ಮ್ಯಾಂಚೆಸ್ಟರ್. ಬ್ರಿಟಿಷ್ ಏರ್‌ಟೂರ್ಸ್‌ನ 737 ಟೇಕಾಫ್‌ಗೆ ಓಡುತ್ತಿರುವಾಗ ಎಡ ಎಂಜಿನ್‌ನಲ್ಲಿ ಇಂಧನ ಉರಿಯುವ ಒಂದು ಉರಿಗೂಡು ಒಡೆಯಿತು. ಬಿಸಿ ತಣ್ಣಗೆ ಬಿಸಿ ತಣ್ಣಗೆ ಆಗಿ ಆಗಿ ಅದಕ್ಕೆ ಮೊದಲೇ ಬಿರುಕು ಬಿದ್ದಿತ್ತು, ಬಿರುಕಿಗೆ ವೆಲ್ಡಿಂಗ್ ಮಾಡಿ ಮತ್ತೆ ಹಾಕಿದ್ದರು. ಆ ಎಂಜಿನ್ ವೇಗ ಏರಲು ನಿಧಾನ ಮಾಡುತ್ತಿದೆ ಅಂತ ಲಾಗ್ ಪುಸ್ತಕದಲ್ಲಿ ಮೊದಲೇ ದಾಖಲಾಗಿತ್ತು. ಅದರ ನಿಜವಾದ ಅರ್ಥ ಯಾರಿಗೂ ಹೊಳೆಯಲಿಲ್ಲ. ಒಡೆದ ಚೂರು ರೆಕ್ಕೆಯ ಇಂಧನ ಟ್ಯಾಂಕಿನ ಮುಚ್ಚಳ ತೂತು ಮಾಡಿತು. ಧಡ್ ಅಂದದ್ದನ್ನು ಪೈಲಟ್ ಟೈರ್ ಒಡೆದ ಸದ್ದು ಅಂದುಕೊಂಡರು. ನಿಲ್ಲಿಸಿದರು ನಿಜ, ಆದರೆ ರನ್‌ವೇ ಬಿಟ್ಟು ಪಕ್ಕಕ್ಕೆ ತಿರುಗಿಸಿದಾಗ ಗಾಳಿ ಬೆಂಕಿಯನ್ನು ವಿಮಾನದ ಮೈಮೇಲೆಯೇ ತಂದಿತು. 137 ಜನರಲ್ಲಿ 55 ಜನ ಸತ್ತರು, ಬಹುಪಾಲು ಜನ ಹೊಗೆ ಕುಡಿದು. ಒಬ್ಬ ಎರಕದವನಾಗಿ ಆ ವೆಲ್ಡಿಂಗ್ ಮಾತು ಓದಿದಾಗ ನನ್ನ ಕೈ ತಣ್ಣಗಾಯಿತು, ಬಿಸಿಗೆ ದಣಿದ ಲೋಹಕ್ಕೆ ಹೊಲಿಗೆ ಹಾಕುವುದು ಎಷ್ಟು ನಾಜೂಕಿನ ಕೆಲಸ ಅಂತ ಮಾಡಿ ನೋಡಿದವರಿಗೇ ಗೊತ್ತು.

ಇನ್ನೊಂದು, 2016ರ ಅಕ್ಟೋಬರ್ 28, ಶಿಕಾಗೋ. ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 767. ಟೇಕಾಫ್ ಓಟದಲ್ಲೇ ಟರ್ಬೈನಿನ ಎಲೆಗಳನ್ನು ಹಿಡಿದಿಡುವ ಡಿಸ್ಕ್ ಚೂರಾಗಿ ಹಾರಿಹೋಯಿತು. ಮೂಲ ಹುಡುಕಿದರೆ, ಆ ನಿಕಲ್ ಲೋಹ ತಯಾರಾಗುವಾಗಲೇ ಒಳಗೆ ಸೇರಿಕೊಂಡ ಒಂದು ಬಿಳಿ ಚುಕ್ಕೆಯಂಥ ದೋಷ, ಅಲ್ಲಿಂದ ಬಿರುಕು. ವರ್ಷಗಟ್ಟಲೆ ಹೊರಗೆ ಏನೂ ಕಾಣಲಿಲ್ಲ. ಪೈಲಟ್ ಕೂಡಲೇ ನಿಲ್ಲಿಸಿದರು, ಬಲಗಡೆ ಬೆಂಕಿ ಉರಿಯುತ್ತಿರುವಾಗಲೇ 170 ಜನರೂ ಜೀವಂತ ಇಳಿದರು. ಆ ಹೊತ್ತಿನಲ್ಲೂ ಕೆಲವರು ಬ್ಯಾಗ್ ತೆಗೆದುಕೊಂಡೇ ಇಳಿಯುತ್ತಿದ್ದರು. ದಯವಿಟ್ಟು ನೆನಪಿಡಿ, ಇಳಿಯಿರಿ ಅಂದಾಗ ಬ್ಯಾಗ್ ಬಿಡಿ. ಕುಂದಾ ಮತ್ತೆ ತರಬಹುದು.

ನಮ್ಮ ಅಂದಿನ ವಿಮಾನದಲ್ಲಿ ಇಂಥದ್ದೇನೂ ಇತ್ತು ಅಂತ ನಾನು ಹೇಳುತ್ತಿಲ್ಲ. ಬಿಸಿ ಮಿತಿ ಮೀರಲು ಹತ್ತಾರು ಕಾರಣ ಇರುತ್ತವೆ. ಗಾಳಿ ಬಿಡುವ ಒಂದು ವಾಲ್ವ್ ಸರಿಯಾಗಿ ಮುಚ್ಚದಿದ್ದರೂ ಆಗಬಹುದು, ಹಕ್ಕಿ ಒಳಗೆ ಹೋಗಿದ್ದರೂ ಆಗಬಹುದು, ಬರೀ ಸವೆತವೂ ಇರಬಹುದು. ಹೀಗಾದಾಗ ಎಷ್ಟು ಡಿಗ್ರಿ ಏರಿತು, ಎಷ್ಟು ಸೆಕೆಂಡ್ ನಿಂತಿತು ಅಂತ ಎಂಜಿನ್ ದಾಖಲೆಯಲ್ಲಿ ನೋಡಿ, ಕೈಪಿಡಿಯ ನಕ್ಷೆಯೊಂದಿಗೆ ತಾಳೆ ಹಾಕುತ್ತಾರೆ. ಆಮೇಲೆ ಬೋರೋಸ್ಕೋಪ್ ಅಂತ ಉದ್ದ ಕೊಳವೆಯ ತುದಿಯ ಕ್ಯಾಮೆರಾವನ್ನು ಒಳಗೆ ಇಳಿಸಿ, ಎಂಜಿನ್ ಮೆಲ್ಲಗೆ ತಿರುಗಿಸುತ್ತಾ ಒಂದೊಂದೇ ಎಲೆ ನೋಡುತ್ತಾರೆ. ತುದಿ ಸುಟ್ಟಿದೆಯಾ, ಲೇಪ ಕಿತ್ತಿದೆಯಾ, ಬಿರುಕಿದೆಯಾ ಅಂತ. ಸಮಯ ಹಿಡಿಯುವ ಕೆಲಸ, ಅವಸರ ಮಾಡಿಸಬಾರದ ಕೆಲಸ. ಆ ಟೆಕ್ನಿಷಿಯನ್ ಕೈಯ ಎಣ್ಣೆ ನೋಡಿದಾಗ, ಎಷ್ಟೊತ್ತಾಗುತ್ತದೆ ಅಂತ ಅವರನ್ನು ಯಾರೂ ಕಾಡದಿರಲಿ ಅನಿಸಿತು. ಕಂಪನಿಯವರೂ ಕಾಡಬೇಡಿ, ಪ್ರಯಾಣಿಕರೂ ಕಾಡಬೇಡಿ.

ಈಗ ನನ್ನ ಕೋರಿಕೆ.

ವಿಮಾನ ನಿಂತು, ಎಲ್ಲರೂ ಸುರಕ್ಷಿತ ಅಂತ ಖಾತ್ರಿಯಾದ ಮೇಲೆ ಪೈಲಟ್‌ಗೆ ಮೊದಲು ಬೇರೆ ನೂರು ಕೆಲಸ ಇರುತ್ತವೆ, ಒಪ್ಪುತ್ತೇನೆ. ಐದು ಹತ್ತು ನಿಮಿಷ ಬಿಟ್ಟಾದರೂ "ತಾಂತ್ರಿಕ ಕಾರಣ" ಅನ್ನುವುದರ ಬದಲು ಕಾರಣವನ್ನೇ ಹೇಳಿ. "ಒಂದು ಎಂಜಿನ್ ಮಿತಿಗಿಂತ ಹೆಚ್ಚು ಬಿಸಿಯಾಗಿದೆ. ಅದಕ್ಕೆ ಟೇಕಾಫ್ ನಿಲ್ಲಿಸಿದ್ದೇವೆ. ಬೆಂಕಿ ಇಲ್ಲ. ಎಂಜಿನ್ ಪರೀಕ್ಷೆಯಾದ ಮೇಲೆಯೇ ಹೊರಡುತ್ತೇವೆ." ನಾಲ್ಕು ಸಣ್ಣ ವಾಕ್ಯ. ಪೈಲಟ್‌ಗೆ ಕನ್ನಡ ಬರಬೇಕು ಅಂತ ಹಟ ಇಲ್ಲ. ಬೆಳಗಾವಿಯಿಂದ ಹೊರಡುವ ವಿಮಾನದಲ್ಲಿ ಇಂಥ ಹತ್ತು ಸಂದರ್ಭಕ್ಕೆ ಕನ್ನಡದಲ್ಲಿ, ಮರಾಠಿಯಲ್ಲಿ ಮೊದಲೇ ಧ್ವನಿ ಮುದ್ರಿಸಿಟ್ಟುಕೊಂಡರೆ ಒತ್ತಿದರೆ ಸಾಕು. ಸೀಟ್ ಬೆಲ್ಟ್ ಕಟ್ಟಿ ಅನ್ನುವುದನ್ನು ಮುದ್ರಿಸಿಡಲು ಆಗುತ್ತದೆ, ಇದು ಆಗುವುದಿಲ್ಲವೇ? ನಿಲ್ದಾಣಗಳಲ್ಲಿ ಮೊದಲು ಸ್ಥಳೀಯ ಭಾಷೆಯಲ್ಲಿ ಹೇಳಿ, ಆಮೇಲೆ ಹಿಂದಿ, ಇಂಗ್ಲಿಷ್ ಅಂತ 2018ರ ಕೊನೆಯಲ್ಲಿ ಕೇಂದ್ರ ವಿಮಾನಯಾನ ಸಚಿವಾಲಯದಿಂದಲೇ ಸೂಚನೆ ಹೋಗಿತ್ತು. ಅದೇ ಮಾತು ವಿಮಾನದ ಒಳಗೂ ಬರಲಿ, ಅದರಲ್ಲೂ ಜನ ಹೆದರಿ ಕೂತ ಹೊತ್ತಿನಲ್ಲಿ.

ಡಿಜಿಸಿಎ ಸಾಹೇಬರೇ, ತಡವಾದರೆ ಊಟ ಕೊಡಿ, 6 ಗಂಟೆಗಿಂತ ಹೆಚ್ಚಾದರೆ ಬೇರೆ ವಿಮಾನ ಅಥವಾ ಹಣ ವಾಪಸ್ ಕೊಡಿ ಅಂತ ನೀವು ನಿಯಮ ಮಾಡಿದ್ದೀರಿ, ಒಳ್ಳೆಯದು. ಅಂದು ನಮಗೂ ಉಪ್ಪಿಟ್ಟು, ನೀರು ಕೊಟ್ಟರು, ಸಂಜೆ ಬೇರೆ ವಿಮಾನದಲ್ಲಿ ಕಳಿಸಿದರು. ಆದರೆ ಕಾರಣ ತಿಳಿಯುವ ಹಕ್ಕೂ ಆ ಊಟದಷ್ಟೇ ದೊಡ್ಡದು ಅಲ್ವಾ? ಟೇಕಾಫ್ ನಿಲ್ಲಿಸಿದ ಪ್ರತಿ ವಿಮಾನದ ಪ್ರಯಾಣಿಕರಿಗೂ, ಪರೀಕ್ಷೆ ಮುಗಿದ ಮೇಲೆ ಏನು ಸಿಕ್ಕಿತು, ಏನು ಸರಿ ಮಾಡಿದರು ಅಂತ ಎರಡು ಸಾಲಿನ ಮೆಸೇಜ್ ಹೋಗಬೇಕು ಅಂತ ನಿಯಮ ತನ್ನಿ. ನಮ್ಮ ಮೊಬೈಲ್ ನಂಬರ್ ಕಂಪನಿಯ ಹತ್ತಿರ ಇದ್ದೇ ಇದೆ. ಟಿಕೆಟ್ ಆಫರ್ ಮೆಸೇಜ್ ವಾರಕ್ಕೆ ಮೂರು ಬರುತ್ತವೆ.

ಸಾಂಬ್ರಾದ ಅಧಿಕಾರಿಗಳೇ, ನಿಮ್ಮಲ್ಲಿ ಒಂದು ಸಣ್ಣ ಬೇಡಿಕೆ. ಟರ್ಮಿನಲ್‌ನಲ್ಲಿ ಕೂರುವ ಜಾಗದ ಗೋಡೆಗೆ ಒಂದು ಫಲಕ ಹಾಕಿಸಿ. ವಿಮಾನ ಓಡುತ್ತಾ ಓಡುತ್ತಾ ನಿಂತರೆ ಯಾಕೆ ನಿಲ್ಲಿಸಿರುತ್ತಾರೆ, ಆಗ ನಾವು ಏನು ಮಾಡಬೇಕು ಅಂತ ಚಿತ್ರದ ಜೊತೆ ಬರೆಸಿ. ಪಕ್ಕದಲ್ಲೇ ವಾಯುಪಡೆಯ ತರಬೇತಿ ಶಾಲೆ ಇದೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ದೊಡ್ಡ ಕಾರ್ಖಾನೆಗಳಿವೆ, ಉದ್ಯಮಬಾಗದಲ್ಲಿ ನಮ್ಮಂಥ ಫೌಂಡ್ರಿಗಳಿವೆ. ಬೇಕಿದ್ದರೆ ಸವೆದ ಟರ್ಬೈನ್ ಎಲೆ ಒಂದನ್ನು ಎಲ್ಲಿಂದಾದರೂ ತರಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಡಿ. ಅದನ್ನು ನೋಡಲು ನಮ್ಮ ಹುಡುಗರು ಸಾಲು ನಿಲ್ಲುತ್ತಾರೆ. ಕನ್ನಡದಲ್ಲಿ ವಿವರ ಬರೆಯಲು ನಾನೇ ಬರುತ್ತೇನೆ, ಸಂಬಳ ಬೇಡ.

ಅಂದು ಆ ವಿಮಾನ ನಡೆಸುತ್ತಿದ್ದ ಕ್ಯಾಪ್ಟನ್ ಸಾಹೇಬರೇ, ನೀವು ಯಾರೋ ನನಗೆ ಗೊತ್ತಿಲ್ಲ, ಮುಖ ಕೂಡ ನೋಡಿಲ್ಲ. ಆವತ್ತು ನಿಮಗೆ ಥ್ಯಾಂಕ್ಸ್ ಹೇಳದೆ ಬಂದೆವು. ಈಗ ಹೇಳುತ್ತಿದ್ದೇನೆ.

ಬೆಂಗಳೂರಿನಲ್ಲಿ ಇಳಿದ ಮೇಲೆ ಅಜ್ಜಿಯ ಮೊಮ್ಮಗಳ ಗಂಡ ನನ್ನ ನಂಬರ್ ತೆಗೆದುಕೊಂಡಿದ್ದರು. ಹೋದ ವಾರ ಅಜ್ಜಿಯೇ ಫೋನ್ ಮಾಡಿದರು. ಮರಿಮಗನ ಹೆಸರಿಡುವ ಕಾರ್ಯ ಆಯಿತಂತೆ, ಕುಂದಾ ಎಲ್ಲರಿಗೂ ಸೇರಿತಂತೆ, ಮುಂದಿನ ತಿಂಗಳು ಊರಿಗೆ ಬರಬೇಕು, ವಿಮಾನಕ್ಕೇ ಟಿಕೆಟ್ ತೆಗಿಸುತ್ತಾರಂತೆ. ಆಮೇಲೆ ಕೇಳಿದರು: "ತಮ್ಮಾ, ಆ ಎಂಜಿನ್ ಏನಾತು? ಸುದ್ದ ಮಾಡಿದ್ರಾ?"

ಕೇಳಿ ಹೇಳುತ್ತೇನೆ ಅಂದಿದ್ದೇನೆ. ದಯವಿಟ್ಟು ಉತ್ತರ ಕೊಡಿ.

ಇಂತಿ,
ನಿಮ್ಮ ವಿಮಾನದ ಒಬ್ಬ ಪ್ರಯಾಣಿಕ,
ಉದ್ಯಮಬಾಗ, ಬೆಳಗಾವಿ